ಅಂತರ್ಜಾಲದ ಹೊಸ ವಿಳಾಸಗಳು ಮತ್ತು ಮನೆಯ ಪುಟ್ಟ ಪೆಟ್ಟಿಗೆ

ತಿರುವನಂತಪುರದ ಪಟ್ಟಂ ಪ್ರದೇಶದಲ್ಲಿ ಅಂಚೆ ಹಂಚುವವನ ಕೆಲಸ ಸುಲಭವಾದುದಲ್ಲ. ಅಲ್ಲಿನ ಮನೆಗೆ ಹಿರಿಯರು ಇಟ್ಟ ಹೆಸರೊಂದಿರುತ್ತದೆ. ನಗರಸಭೆ ಕೊಟ್ಟ ಟಿ.ಸಿ. ಸಂಖ್ಯೆಯೊಂದಿರುತ್ತದೆ, ವಾರ್ಡುಗಳ ಗಡಿ ಬದಲಾದ ಮೇಲೆ ಬಂದ ಹೊಸ ಟಿ.ಸಿ. ಸಂಖ್ಯೆ ಮತ್ತೊಂದು, ನಿವಾಸಿಗಳ ಸಂಘವು ಗೇಟಿನ ಮೇಲೆ ಬರೆಸಿದ ಸಂಖ್ಯೆ ಇನ್ನೂ ಬೇರೆ. ಎಚ್ಚರವುಳ್ಳ ಗೃಹಸ್ಥರು ಹಳೆಯದು ಹೊಸದು ಎರಡನ್ನೂ ಬರೆದು, ಕೊನೆಗೆ ಪಟ್ಟಂ ಪ್ಯಾಲೇಸ್ ಅಂಚೆ, 695004 ಎಂದು ಮುಗಿಸುತ್ತಾರೆ. ಕಾಗದವು ಹೇಗೋ ಬಂದು ಸೇರುತ್ತದೆ. ಏಕೆಂದರೆ ಅಂಚೆಯವನು ಮನುಷ್ಯ. ಅವನಿಗೆ ಮನೆಯವರ ಮುಖಪರಿಚಯವಿದೆ.

ಅಂತರ್ಜಾಲದಲ್ಲಿ ಅಂತಹ ಪರಿಚಯಸ್ಥ ಅಂಚೆಯವನಿಲ್ಲ. ಅಲ್ಲಿ ಸಂಖ್ಯೆಯೇ ಸರ್ವಸ್ವ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರವೂ ಒಂದು ಸಂಖ್ಯಾರೂಪದ ವಿಳಾಸದಿಂದ ಗುರುತಿಸಲ್ಪಡಬೇಕು. ಈ ವಿಳಾಸಗಳು ತೀರಿಹೋಗಿವೆ ಎಂಬುದೂ, ಹೊಸ ವಿಳಾಸಗಳು ಬಹುಕಾಲದ ಹಿಂದೆಯೇ ಸಿದ್ಧವಾಗಿವೆ ಎಂಬುದೂ, ಆದರೂ ಅವು ಎಷ್ಟೋ ಮನೆಗಳ ಒಳಗೆ ಪ್ರವೇಶಿಸಿಲ್ಲ ಎಂಬುದೂ ಸಾಮಾನ್ಯ ಬಳಕೆದಾರರಿಗೆ ತಿಳಿದಿರುವುದಿಲ್ಲ. ತಿಳಿಯದೆಯೂ ದಿನಗಳು ಸಾಗುತ್ತವೆ. ಆದರೆ ವಯಸ್ಸಾದವರು ಒಂಟಿಯಾಗಿರುವ ಮನೆಗಳಲ್ಲಿ ಈ ವಿಷಯ ತಿಳಿದಿರುವುದು ಹಿತ.

ಬ್ಯಾಂಕಿನ ವರ್ಗಾವಣೆಯ ಮೇಲೆಯೋ, ತುಂಬಾದ ಬಾಹ್ಯಾಕಾಶ ಕೇಂದ್ರದ ಉದ್ಯೋಗಕ್ಕಾಗಿಯೋ ಕೇರಳದ ರಾಜಧಾನಿಗೆ ಬಂದು ಅಲ್ಲಿಯೇ ನೆಲೆಯೂರಿದ ಕನ್ನಡ ಕುಟುಂಬಗಳು ಅನೇಕ. ಅಂತಹ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಂದೆಗೆ ಎಪ್ಪತ್ತೆಂಟು, ತಾಯಿಗೆ ಎಪ್ಪತ್ತೆರಡು. ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ತಾಯಿ ಒಮ್ಮೆ ರಾತ್ರಿ ಎದ್ದಾಗ ಜಾರಿ ಬಿದ್ದ ಮೇಲೆ ಮಗನು ಹಜಾರದಲ್ಲಿ ಒಂದು ಕ್ಯಾಮರಾ ಹಾಕಿಸಿದ್ದಾನೆ. ಬೆಳಿಗ್ಗೆ ಆರೂವರೆಗೆ ದೂರವಾಣಿಯ ಪರದೆಯ ಮೇಲೆ ತಾಯಿ ಕಾಫಿಯ ಲೋಟ ಹಿಡಿದು ನಡೆಯುವುದನ್ನು ಕಂಡರೆ ಅವನ ದಿನ ನೆಮ್ಮದಿಯಿಂದ ಆರಂಭವಾಗುತ್ತದೆ. ಒಂದು ದಿನ ಚಿತ್ರ ಬರುವುದಿಲ್ಲ. ಮನೆಯಲ್ಲಿ ವಿದ್ಯುತ್ತಿದೆ, ಅಂತರ್ಜಾಲವಿದೆ, ತಂದೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಾರೆ. ಕ್ಯಾಮರಾದ ಹಸಿರು ದೀಪವೂ ಉರಿಯುತ್ತಿದೆ. ಆದರೂ ಮಗನಿಗೆ ಮನೆ ಕಾಣದು. ವಿಚಾರಿಸಿದಾಗ ತಿಳಿಯುವುದೇನೆಂದರೆ, ಚಿತ್ರವು ಪಟ್ಟಂನಿಂದ ಬೆಂಗಳೂರಿಗೆ ನೇರವಾಗಿ ಎಂದೂ ಹೋಗುತ್ತಿರಲಿಲ್ಲ. ಕ್ಯಾಮರಾ ತಯಾರಕರು ಎಲ್ಲಿಯೋ ಇಟ್ಟಿರುವ ಮಧ್ಯಸ್ಥ ಗಣಕಯಂತ್ರವೊಂದರ ಮೂಲಕ ಹೋಗುತ್ತಿತ್ತು, ಆ ಯಂತ್ರ ಇಂದು ಕೈಕೊಟ್ಟಿದೆ. ತಂದೆತಾಯಿಯರ ಹಜಾರವನ್ನು ನೋಡಲು ಮೂರನೆಯವರ ಮನೆಯ ಕಿಟಕಿಯಿಂದ ಏಕೆ ಇಣುಕಬೇಕಾಯಿತು? ಆ ಮನೆಗೆ ಅಂತರ್ಜಾಲದಲ್ಲಿ ತನ್ನದೆನ್ನುವ ವಿಳಾಸವೇ ಇಲ್ಲದಿರುವುದೇ ಅದಕ್ಕೆ ಮುಖ್ಯ ಕಾರಣ.

ಈಗ ಬಳಕೆಯಲ್ಲಿರುವ ಹಳೆಯ ವಿಳಾಸ ಪದ್ಧತಿಯು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯನ್ನು ಅನುಸರಿಸಿದೆ. ಇದನ್ನು ಐ.ಪಿ. ನಾಲ್ಕನೆಯ ಆವೃತ್ತಿ ಎನ್ನುತ್ತಾರೆ. ಇದರಲ್ಲಿ ವಿಳಾಸವೊಂದಕ್ಕೆ 32 ದ್ವಿಮಾನ ಅಂಕೆಗಳು. ಅಂದರೆ ಒಟ್ಟು 429 ಕೋಟಿ 49 ಲಕ್ಷದಷ್ಟು ವಿಳಾಸಗಳು. ಗಣಕಯಂತ್ರಗಳು ವಿಶ್ವವಿದ್ಯಾನಿಲಯಗಳಲ್ಲಿಯೂ ಸೈನ್ಯದ ಕಚೇರಿಗಳಲ್ಲಿಯೂ ಮಾತ್ರ ಇದ್ದ ಆ ಕಾಲದಲ್ಲಿ ಇದು ಅಕ್ಷಯಪಾತ್ರೆಯೆಂದೇ ತೋರಿರಬೇಕು. ಜಾಗತಿಕ ಭಂಡಾರದ ಕೊನೆಯ ಐದು ಕಂತೆಗಳನ್ನು ಐದು ಭೂಭಾಗಗಳಿಗೆ ಹಂಚಿ ಕೈತೊಳೆದುಕೊಂಡದ್ದು 2011ರ ಫೆಬ್ರವರಿ 3ರಂದು. ಅದೇ ವರ್ಷದ ಏಪ್ರಿಲ್ 15ರಿಂದ ಏಷ್ಯಾ-ಪೆಸಿಫಿಕ್ ಪ್ರದೇಶದಲ್ಲಿ ಪಡಿತರ ಆರಂಭವಾಯಿತು. ಕೊನೆಯ ಸಂಗ್ರಹದಿಂದ ಒಂದು ಸಂಸ್ಥೆಗೆ ಗರಿಷ್ಠ 1,024 ವಿಳಾಸಗಳು. 2019ರಲ್ಲಿ ಆ ಮಿತಿಯನ್ನು 512ಕ್ಕೆ ಇಳಿಸಲಾಯಿತು.

ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಕೇರಳದಲ್ಲಿ ಮನೆಗಳಿಗೆ ಅಂತರ್ಜಾಲವನ್ನು ಒಯ್ದವರಲ್ಲಿ ಸ್ಥಳೀಯ ಕೇಬಲ್ ಟಿ.ವಿ. ನಿರ್ವಾಹಕರ ಪಾಲು ಬಹಳ ದೊಡ್ಡದು. ತಡವಾಗಿ ಈ ವ್ಯವಹಾರಕ್ಕೆ ಇಳಿದ ಒಂದು ಸಂಸ್ಥೆಗೆ ಹತ್ತು ಸಾವಿರ ಮನೆಗಳ ಗಿರಾಕಿಗಳಿದ್ದು, ಕೈಯಲ್ಲಿರುವುದು ಸಾವಿರ ವಿಳಾಸಗಳೆಂದರೆ, ಹತ್ತು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಳ್ಳದೆ ಗತ್ಯಂತರವಿಲ್ಲ.

ಹಂಚಿಕೊಳ್ಳುವುದು ಹೇಗೆ? ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಡಿಸ್‌ಪ್ಯಾಚ್ ಗುಮಾಸ್ತನ ಪರಿಚಯವಿರುತ್ತದೆ. ಯಾವ ಮೇಜಿನಿಂದ ಯಾವ ಪತ್ರ ಹೊರಹೋಯಿತೆಂದು ಅವನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾನೆ. ಉತ್ತರ ಬಂದಾಗ ಸಂಖ್ಯೆಯನ್ನು ನೋಡಿ ಅದೇ ಮೇಜಿಗೆ ಕಳುಹಿಸುತ್ತಾನೆ. ಮನೆಯ ರೂಟರ್ ಎಂಬ ಪೆಟ್ಟಿಗೆಯು ಮಾಡುವುದು ಇದನ್ನೇ. ಮನೆಯೊಳಗಿನ ದೂರವಾಣಿ, ದೂರದರ್ಶನ, ಕ್ಯಾಮರಾಗಳಿಗೆಲ್ಲ ಒಳಬಳಕೆಯ ಸಂಖ್ಯೆಗಳನ್ನು ಕೊಟ್ಟು, ಹೊರಗಿನವರಿಗೆ ಒಂದೇ ವಿಳಾಸವನ್ನು ತೋರಿಸುತ್ತದೆ. ವಿಳಾಸದ ಬರ ಹೆಚ್ಚಿದ ಮೇಲೆ ಸೇವೆ ಒದಗಿಸುವವರ ಕಚೇರಿಯಲ್ಲಿಯೂ ಇಂತಹ ಎರಡನೆಯ ಗುಮಾಸ್ತನೊಬ್ಬ ಕುಳಿತನು. ಅವನು ಹಲವಾರು ಮನೆಗಳನ್ನು ಒಂದು ವಿಳಾಸದ ಹಿಂದೆ ನಿಲ್ಲಿಸುತ್ತಾನೆ. ಅವನ ಪುಸ್ತಕದಲ್ಲಿ ಒಂದು ವಿಳಾಸಕ್ಕೆ 65,536 ಸಾಲುಗಳು ಮಾತ್ರ. 32 ಮನೆಗಳು ಹಂಚಿಕೊಂಡರೆ ಒಂದೊಂದು ಮನೆಗೆ 2,048.

ಹೊರಹೋದ ಪತ್ರಕ್ಕೆ ಬಂದ ಉತ್ತರವನ್ನು ಗುಮಾಸ್ತರು ಸರಿಯಾಗಿ ತಲುಪಿಸುತ್ತಾರೆ. ಆದುದರಿಂದಲೇ ವೃತ್ತಪತ್ರಿಕೆ ಓದುವುದು, ಹಣ ಕಳುಹಿಸುವುದು, ಕೇರಳದಲ್ಲಿ 2020ರ ಜೂನ್‌ನಲ್ಲಿ ಆರಂಭವಾದ ಇ-ಸಂಜೀವನಿಯ ಮೂಲಕ ವೈದ್ಯರನ್ನು ಕಾಣುವುದು, ಇವು ಯಾವುವಕ್ಕೂ ಅಡ್ಡಿಯಿಲ್ಲ. ಆದರೆ ಹೊರಗಿನಿಂದ ತಾನಾಗಿಯೇ ಬಂದ ಪತ್ರ ಯಾವ ಮೇಜಿಗೆ ಸೇರಿದುದೆಂದು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಗುಮಾಸ್ತನು ಅದನ್ನು ಬುಟ್ಟಿಗೆ ಹಾಕುತ್ತಾನೆ. ಬೆಂಗಳೂರಿನ ಮಗನ ಕರೆಗೆ ಪಟ್ಟಂನ ಕ್ಯಾಮರಾ ಓಗೊಡದಿರುವುದು ಇದರಿಂದಲೇ. ಮನೆಯ ಗುಮಾಸ್ತನಿಗಾದರೂ ಗೃಹಸ್ಥನು ಅಪ್ಪಣೆ ಕೊಡಬಹುದು. ಕಚೇರಿಯ ಗುಮಾಸ್ತನು ಅವನ ಮಾತನ್ನು ಕೇಳುವವನಲ್ಲ. ಹಂಚಿಕೆಯ ವಿಳಾಸಕ್ಕೆ ಮತ್ತೊಂದು ದೋಷವುಂಟು. ಅದೇ ವಿಳಾಸದ ಹಿಂದಿರುವ ಅಪರಿಚಿತನೊಬ್ಬನು ದುಷ್ಕೃತ್ಯ ಮಾಡಿದರೆ ಜಾಲತಾಣಗಳು ಎಲ್ಲ ಮನೆಗಳನ್ನೂ ಸಂಶಯದಿಂದ ಕಾಣುತ್ತವೆ. ತಾವು ಯಂತ್ರವಲ್ಲ, ಮನುಷ್ಯರು ಎಂದು ನಿರಪರಾಧಿಗಳು ಮತ್ತೆಮತ್ತೆ ಸಾಬೀತುಪಡಿಸಬೇಕಾಗುತ್ತದೆ.

ಇದಕ್ಕೆಲ್ಲ ಪರಿಹಾರವಾಗಿ ರೂಪುಗೊಂಡದ್ದು ಐ.ಪಿ. ಆರನೆಯ ಆವೃತ್ತಿ. ಅದರ ಮೊದಲ ಕರಡು 1995ರ ಡಿಸೆಂಬರಿನಲ್ಲಿ, ಪರಿಷ್ಕೃತ ರೂಪ 1998ರಲ್ಲಿ, ಪೂರ್ಣ ಮಾನಕ 2017ರ ಜುಲೈನಲ್ಲಿ ಪ್ರಕಟವಾದವು. ಇದರಲ್ಲಿ ವಿಳಾಸಕ್ಕೆ 128 ದ್ವಿಮಾನ ಅಂಕೆಗಳು. ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕೆಗಳು ಬೇಕು. ಇಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಹಿಡಿಯುವುದಿಲ್ಲ. ಹೀಗೆ ಹೇಳಿದರೆ ಹಿಡಿಯಬಹುದು: ಹೊಸ ಪದ್ಧತಿಯಲ್ಲಿ ಸೇವಾ ಸಂಸ್ಥೆಯೊಂದಕ್ಕೆ ಸಾಮಾನ್ಯವಾಗಿ ಕೊಡುವ ಒಂದೇ ಒಂದು ಕಂತೆಯಿಂದ 1,67,77,216 ಮನೆಗಳಿಗೆ ವಿಳಾಸ ಕೊಡಬಹುದು. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆ 3 ಕೋಟಿ 34 ಲಕ್ಷ. ಇಬ್ಬರಿಗೊಂದು ಮನೆಯಂತೆ ಇಡೀ ರಾಜ್ಯಕ್ಕೆ ಹಂಚಿದರೂ ಕಂತೆ ಮುಗಿಯದು. ಹಾಗೆ ಹಂಚಿದ ಮೇಲೂ ಪ್ರತಿ ಮನೆಯವನು 256 ಪ್ರತ್ಯೇಕ ಜಾಲಗಳನ್ನು ಮಾಡಿಕೊಳ್ಳುವಷ್ಟು ಅವಕಾಶವಿರುತ್ತದೆ.

ಹಾಗಿದ್ದರೆ ತಡೆಯೆಲ್ಲಿ? ಹೆದ್ದಾರಿಯಲ್ಲಂತೂ ಅಲ್ಲ. ಆಫ್ರಿಕದ ದಕ್ಷಿಣದಿಂದ ಮಲೇಷ್ಯಕ್ಕೆ ಹೋಗುವ ಸೇಫ್ ಎಂಬ ಸಮುದ್ರಗರ್ಭದ ತಂತಿ 2002ರಲ್ಲಿಯೇ ಕೊಚ್ಚಿಯ ತೀರವನ್ನು ಮುಟ್ಟಿತು. ಅದೇ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಎಳೆದ ತಂತಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ರಾಜ್ಯ ಸರ್ಕಾರದ ಕೆ-ಫೋನ್ ಜಾಲ 2023ರ ಜೂನ್ 5ರಂದು ಕಾರ್ಯಾರಂಭ ಮಾಡಿತು. ತಂತಿಗೆ ವಿಳಾಸ ಯಾವ ಆವೃತ್ತಿಯದೆಂಬ ಭೇದವೇ ಇಲ್ಲ. ಮೊಬೈಲ್ ದೂರವಾಣಿಯಲ್ಲಿಯೂ ತಡೆಯಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊ ಸಂಸ್ಥೆಯು ಮೊದಲ ದಿನಗಳಿಂದಲೇ ಹೊಸ ವಿಳಾಸಗಳನ್ನು ಬಳಸಿತು. ಹೊಸ ವಿಳಾಸಗಳ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಗೆ ಬಂದುದು ಬಹುಮಟ್ಟಿಗೆ ಮೊಬೈಲಿನಿಂದ. ಹಳೆಯ ವಿಳಾಸವನ್ನು ಮಾತ್ರ ಬಲ್ಲ ತಾಣಗಳೊಡನೆ ಮಾತನಾಡಲು ಜಾಲದಲ್ಲಿಯೂ ದೂರವಾಣಿಯೊಳಗೂ ಅನುವಾದಕರನ್ನಿಟ್ಟರು. ಬಳಕೆದಾರನಿಗೆ ಏನೂ ತಿಳಿಯಲಿಲ್ಲ, ಅವನು ಏನನ್ನೂ ಒತ್ತಬೇಕಾಗಲಿಲ್ಲ. ಹೀಗಾಗಿ ಒಂದೇ ಹಜಾರದಲ್ಲಿ ಕುಳಿತ ವೃದ್ಧರ ಮೊಬೈಲಿಗೆ ಹೊಸ ವಿಳಾಸ, ಗೋಡೆಯ ಮೇಲಿನ ಪೆಟ್ಟಿಗೆಗೆ ಹಳೆಯದು ಎಂಬ ವಿಚಿತ್ರ ಸ್ಥಿತಿ ಉಂಟಾಗಿದೆ.

ಗೋಡೆಯ ಪೆಟ್ಟಿಗೆಯ ಯಜಮಾನನು ಯಾರು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿಲ್ಲದಿರುವುದೇ ರೋಗದ ಮೂಲ. ಪೆಟ್ಟಿಗೆಯನ್ನು ತಯಾರಿಸಿದವನು ಮಾರಿದ ಮೇಲೆ ಮರೆತಿದ್ದಾನೆ. ಅದರೊಳಗಿನ ತಂತ್ರಾಂಶವನ್ನು ತಿದ್ದಿ ಕಳುಹಿಸುವುದರಿಂದ ಅವನಿಗೆ ಕಾಸಿನ ಲಾಭವಿಲ್ಲ. ಕೇಬಲ್ ನಿರ್ವಾಹಕನು ಅದನ್ನು ಸಗಟು ದರದಲ್ಲಿ ಕೊಂಡು ಠೇವಣಿಯ ಮೇಲೆಯೋ ಉಚಿತವಾಗಿಯೋ ಕೊಟ್ಟಿದ್ದಾನೆ. ಹತ್ತು ಸಾವಿರ ಪೆಟ್ಟಿಗೆಗಳನ್ನು ಬದಲಿಸುವುದೆಂದರೆ ಅವನ ಪಾಲಿಗೆ ದೊಡ್ಡ ಬಂಡವಾಳದ ಮಾತು, ಅದಕ್ಕಾಗಿ ಚಂದಾ ಹಣದಲ್ಲಿ ಒಂದು ರೂಪಾಯಿಯೂ ಹೆಚ್ಚು ಬಾರದು. ಗೃಹಸ್ಥನಿಗೋ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದ್ದರೆ ಸಾಕು. ಖರ್ಚು ಒಬ್ಬನದು, ಪ್ರಯೋಜನ ಇನ್ನೊಬ್ಬನದು ಎಂದಾದಲ್ಲಿ ಯಾವ ಲೆಕ್ಕಪುಸ್ತಕದಲ್ಲಿಯೂ ಆ ಕಾರ್ಯಕ್ಕೆ ಹಣ ಮಂಜೂರಾಗುವುದಿಲ್ಲ. ಹಳೆಯ ವಿಳಾಸಗಳ ಬರದಿಂದ ನಷ್ಟವಿಲ್ಲವೆಂದಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ದಿವಾಳಿಯಾಗಿದ್ದ ನಾರ್ಟೆಲ್ ಸಂಸ್ಥೆಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರುಗಳಿಗೆ ಕೊಂಡಿತು. ಒಂದಕ್ಕೆ ಸುಮಾರು ಹನ್ನೊಂದೂಕಾಲು ಡಾಲರು. ಅಮೆಜಾನ್ ಸಂಸ್ಥೆಯು ತನ್ನ ಗಣಕ ಸೇವೆಯ ಗಿರಾಕಿಗಳಿಗೆ 2024ರ ಫೆಬ್ರವರಿ 1ರಿಂದ ಪ್ರತಿಯೊಂದು ಹಳೆಯ ಸಾರ್ವಜನಿಕ ವಿಳಾಸಕ್ಕೂ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಿದೆ. ಆದರೆ ಈ ಬೆಲೆ ಪಟ್ಟಂನ ಗೃಹಸ್ಥನ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಕಾಣದ ಖರ್ಚನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೂರನೆಯವರಾಗಿ ಸರ್ಕಾರವು ಮಧ್ಯೆ ಬಂದಿದೆ. ದೂರಸಂಪರ್ಕ ಇಲಾಖೆಯು 2010ರ ಜುಲೈನಲ್ಲಿ ಮೊದಲನೆಯ ಮಾರ್ಗಸೂಚಿಯನ್ನೂ, 2013ರ ಮಾರ್ಚಿನಲ್ಲಿ ಎರಡನೆಯದನ್ನೂ ಪ್ರಕಟಿಸಿತು. 2014ರ ಜೂನ್ 30ರ ನಂತರ ಕೊಡುವ ಮನೆಯ ಹೊಸ ತಂತಿ ಸಂಪರ್ಕಗಳೆಲ್ಲ ಹೊಸ ವಿಳಾಸಗಳನ್ನು ಹೊರಬಲ್ಲವಾಗಿರಬೇಕು ಎಂಬುದು ಎರಡನೆಯದರ ಆಶಯ. ದಿನಾಂಕ ದಾಟಿತು, ಗಡುವುಗಳು ಮುಂದೆ ಸರಿದವು. 2021ರ ನವೆಂಬರಿನ ಪರಿಷ್ಕರಣೆಯಲ್ಲಿ ಅದೇ ಕಾರ್ಯಕ್ಕೆ 2022ರ ಡಿಸೆಂಬರ್ 31 ಎಂದು ನಮೂದಾಯಿತು. ಹಳೆಯ ಪೆಟ್ಟಿಗೆಗಳನ್ನು ಕ್ರಮೇಣ ಬದಲಿಸಲು ಪ್ರಯತ್ನಿಸಬೇಕು ಎಂಬ ಮಾತೂ ಅದರಲ್ಲಿದೆ. ಪ್ರಯತ್ನಿಸಬೇಕು ಎಂಬುದಕ್ಕೂ ಬದಲಿಸತಕ್ಕದ್ದು ಎಂಬುದಕ್ಕೂ ಇರುವ ಅಂತರವನ್ನು ಸುತ್ತೋಲೆಗಳನ್ನು ಓದಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಬ್ಯಾಂಕುಗಳ ಅನುಭವವೊಂದನ್ನು ಹೋಲಿಸಿ ನೋಡಬಹುದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಶಾಖೆಗಳ ಐ.ಎಫ್.ಎಸ್.ಸಿ. ಸಂಕೇತಗಳು ಬದಲಾಗಬೇಕಾಯಿತು. ಕೆಲವು ಕಾಲ ಹಳೆಯ ಸಂಕೇತವೂ ನಡೆಯುತ್ತಿತ್ತು. ಆದರೆ 2021ರ ಜುಲೈ 1ರಿಂದ ಹಳೆಯದು ನಡೆಯದೆಂದು ಮೊದಲೇ ಸಾರಲಾಗಿತ್ತು. ಪಿಂಚಣಿದಾರರು, ಕಂಪನಿಗಳು, ವಿದ್ಯುತ್ ಮಂಡಳಿಗಳು ಗೊಣಗಿಕೊಂಡೇ ಬದಲಿಸಿಕೊಂಡರು. ಅಂತರ್ಜಾಲದಲ್ಲಿಯೂ ಹಳೆಯ ಹೊಸ ಎರಡೂ ವಿಳಾಸಗಳು ಜೊತೆಯಲ್ಲಿ ನಡೆಯುತ್ತಿವೆ, ಗೇಟಿನ ಮೇಲೆ ಎರಡು ಟಿ.ಸಿ. ಸಂಖ್ಯೆಗಳಿರುವಂತೆ. ಆದರೆ ಹಳೆಯದು ಇಂಥ ದಿನದಿಂದ ರದ್ದು ಎಂದು ಸಾರುವ ಅಧಿಕಾರ ಜಗತ್ತಿನಲ್ಲಿ ಯಾರಿಗೂ ಇಲ್ಲ. 2012ರ ಜೂನ್ 6ರಂದು ಗೂಗಲ್, ಫೇಸ್‌ಬುಕ್ ಮೊದಲಾದ ದೊಡ್ಡ ಸಂಸ್ಥೆಗಳು ಹೊಸ ವಿಳಾಸಕ್ಕೆ ಶಾಶ್ವತವಾಗಿ ಬಾಗಿಲು ತೆರೆದವು. ಹಳೆಯ ಬಾಗಿಲನ್ನು ಮುಚ್ಚಲಿಲ್ಲ. ಮುಚ್ಚಲು ಸಾಧ್ಯವೂ ಇರಲಿಲ್ಲ. ಎರಡನೆಯ ದಿನಾಂಕವಿಲ್ಲದ ಬದಲಾವಣೆ ಎಷ್ಟು ನಿಧಾನವಾಗಬಲ್ಲದೋ ಅಷ್ಟು ನಿಧಾನವಾಗಿ ಇದು ನಡೆದಿದೆ.

ಇನ್ನು ಪೆಟ್ಟಿಗೆಯ ಒಳಗಿನ ತೊಡಕುಗಳು. ಮನೆಯ ರೂಟರು ಹೊಸ ಪದ್ಧತಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಾವಳಿ 2011ರಲ್ಲಿ ಮೊದಲು ಬಂದು 2013ರ ನವೆಂಬರಿನಲ್ಲಿ ಪರಿಷ್ಕೃತವಾಯಿತು. ಆದುದರಿಂದ ಅದಕ್ಕಿಂತ ಹಿಂದಿನ ಪೆಟ್ಟಿಗೆಗಳ ಮೇಲೆ ಭರವಸೆ ಇಡಲಾಗದು. ತಿರುವನಂತಪುರದಲ್ಲಿ ತುಲಾ ಮಳೆಯ ಸಿಡಿಲಿಗೆ ತಾಮ್ರದ ತಂತಿಯ ಮೋಡೆಮುಗಳು ಸುಟ್ಟುಹೋಗುವುದು ಸಾಮಾನ್ಯವಾಗಿತ್ತು. ಹಾಗೆ ಸುಟ್ಟಾಗಲಾದರೂ ಹೊಸ ಪೆಟ್ಟಿಗೆ ಬರುತ್ತಿತ್ತು. ಗಾಜಿನ ಎಳೆಯ ತಂತಿಗೆ ಸಿಡಿಲಿನ ಭಯ ಕಡಿಮೆ. ಒಳ್ಳೆಯದೇ, ಆದರೆ ಪೆಟ್ಟಿಗೆಯ ಆಯುಸ್ಸೂ ಅದರೊಡನೆ ಬೆಳೆಯಿತು. ಅನೇಕ ಪೆಟ್ಟಿಗೆಗಳಲ್ಲಿ ಹೊಸ ವಿಳಾಸದ ಸೌಲಭ್ಯ ಇದ್ದೂ ಅದನ್ನು ಮುಚ್ಚಿಟ್ಟಿರುತ್ತಾರೆ. ಸೌಲಭ್ಯವು ತೆರೆದಿದ್ದರೂ, ಸೇವಾ ಸಂಸ್ಥೆಯಿಂದ ಮನೆಗೆ ಬೇಕಾದ ವಿಳಾಸಗಳ ಕಂತೆಯನ್ನು ಕೇಳಿ ಪಡೆಯುವ ವಿದ್ಯೆ ಕೆಲವಕ್ಕೆ ಇರುವುದಿಲ್ಲ; ತನಗೊಂದು ವಿಳಾಸ ಪಡೆದುಕೊಂಡು ಒಳಗಿನವರನ್ನು ಬರಿಗೈಯಲ್ಲಿ ಬಿಡುತ್ತವೆ.

ದೊಡ್ಡ ಮನೆಗಳಲ್ಲಿ ತೊಡಕು ಇಮ್ಮಡಿ. ದಪ್ಪ ಗೋಡೆಗಳ ಹಳೆಯ ಮನೆಯಲ್ಲಿ, ಅಥವಾ ಮೇಲಂತಸ್ತಿನಲ್ಲಿ, ಸಂಕೇತ ತಲುಪದೆಂದು ಗೃಹಸ್ಥನು ಅಂಗಡಿಯಿಂದ ಇನ್ನೊಂದು ರೂಟರನ್ನು ತಂದು ಮೊದಲನೆಯದಕ್ಕೆ ಸಿಕ್ಕಿಸುತ್ತಾನೆ. ಹಳೆಯ ಪದ್ಧತಿಯಲ್ಲಿ ಗುಮಾಸ್ತನ ಹಿಂದೆ ಇನ್ನೊಬ್ಬ ಗುಮಾಸ್ತ ಕುಳಿತರೂ ಕೆಲಸ ಸಾಗುತ್ತದೆ. ಹೊಸ ಪದ್ಧತಿಯಲ್ಲಿ ಗುಮಾಸ್ತನಿಗೆ ಸ್ಥಾನವಿಲ್ಲ. ಮೊದಲ ಪೆಟ್ಟಿಗೆಯು ತನ್ನ ಕಂತೆಯಿಂದ ಒಂದು ಭಾಗವನ್ನು ಎರಡನೆಯದಕ್ಕೆ ಕೊಡಬೇಕು. ಸೇವಾ ಸಂಸ್ಥೆಯು 256 ಜಾಲಗಳ ಬದಲಾಗಿ ಜಿಪುಣತನದಿಂದ ಒಂದೇ ಜಾಲವನ್ನು ಕೊಟ್ಟಿದ್ದರೆ ಹಂಚಲು ಏನೂ ಉಳಿದಿರುವುದಿಲ್ಲ. ಮೇಲಂತಸ್ತಿನಲ್ಲಿ ಹೊಸ ವಿಳಾಸವಿಲ್ಲವೆಂದು ಯಾರಿಗೂ ತಿಳಿಯುವುದೂ ಇಲ್ಲ. ಏಕೆಂದರೆ ಹೊಸ ದಾರಿ ಕೆಟ್ಟಿದ್ದರೆ ಕ್ಷಣದ ಒಂದಂಶದಲ್ಲಿ ಹಳೆಯ ದಾರಿ ಹಿಡಿಯುವಂತೆ 2012ರಿಂದೀಚೆಗೆ ತಂತ್ರಾಂಶಗಳನ್ನು ರೂಪಿಸಲಾಗಿದೆ. ಬಳಕೆದಾರನಿಗೆ ಇದು ಅನುಕೂಲ. ಆದರೆ ನೋವು ಶಮನಕ್ಕೆ ಮಾತ್ರೆ ನುಂಗಿದವನು ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುವಂತೆ, ದೋಷವು ದೂರಿನ ಪುಸ್ತಕವನ್ನು ಸೇರದೆ ಉಳಿಯುತ್ತದೆ. ಅಕಸ್ಮಾತ್ ಯಾರಾದರೂ ದೂರಿತ್ತರೆ, ಮನೆಗೆ ಬಂದ ತಂತ್ರಜ್ಞನು ಮಾಡುವ ಮೊದಲ ಚಿಕಿತ್ಸೆಯೆಂದರೆ ಹೊಸ ವಿಳಾಸವನ್ನೇ ಆರಿಸಿಬಿಡುವುದು. ಅವನನ್ನು ದೂಷಿಸುವಂತಿಲ್ಲ, ಸಂಜೆಯೊಳಗೆ ಅವನು ಇನ್ನೂ ಎಷ್ಟೋ ಮನೆಗಳಿಗೆ ಹೋಗಬೇಕು.

ಹಳೆಯ ಮುದ್ರಣಯಂತ್ರ, ಹಳೆಯ ಕ್ಯಾಮರಾ, ಹಳೆಯ ದೂರದರ್ಶನಗಳು ಹೊಸ ವಿಳಾಸವನ್ನು ಅರಿಯವು ಎಂಬುದೊಂದು ಅಡ್ಡಿ. ಇದು ಅಷ್ಟು ದೊಡ್ಡದಲ್ಲ, ಎರಡೂ ಪದ್ಧತಿಗಳು ಜೊತೆಯಾಗಿ ನಡೆಯುತ್ತಿರುವುದರಿಂದ ಅವು ತಮ್ಮ ಪಾಡಿಗೆ ಇರಬಹುದು.

ಭಯದ ಅಡ್ಡಿ ಮಾತ್ರ ವಿಚಾರಾರ್ಹವಾದುದು. ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸವೆಂದರೆ ಪ್ರತಿ ಉಪಕರಣವೂ ಬೀದಿಗೆ ಬಿದ್ದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯಾತ ಕ್ಯಾಮರಾಗಳನ್ನೂ ಮನೆಯ ರೂಟರುಗಳನ್ನೂ ವಶಪಡಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ತಾಣಗಳು ಅದರ ದಾಳಿಯಿಂದ ಸ್ತಬ್ಧವಾದವು. ಆದರೆ ಗಮನಿಸಬೇಕಾದುದೇನೆಂದರೆ, ಅದು ಹುಡುಕಿದ್ದು ಹಳೆಯ ವಿಳಾಸಗಳನ್ನೇ. 429 ಕೋಟಿ ವಿಳಾಸಗಳ ಬಾಗಿಲನ್ನು ಒಂದೊಂದಾಗಿ ತಟ್ಟಿ ನೋಡುವುದು ಯಂತ್ರಕ್ಕೆ ಅಸಾಧ್ಯವಲ್ಲ. ಹೊಸ ಪದ್ಧತಿಯಲ್ಲಿ ಒಂದೇ ಮನೆಯ ಒಂದೇ ಜಾಲವನ್ನು ಹಾಗೆ ತಟ್ಟುವುದೂ ಯುಗಗಳ ಕೆಲಸ. ಹಾಗೆಂದು ಬಾಗಿಲಿಗೆ ಚಿಲಕ ಬೇಡವೆಂದಲ್ಲ. ಕಾವಲು ಕಾಯುವುದು ಗುಮಾಸ್ತನ ಕೆಲಸವಲ್ಲ, ಫೈರ್‌ವಾಲ್ ಎಂಬ ದ್ವಾರಪಾಲಕನ ಕೆಲಸ. ಕೇಳದೆ ಬಂದವರನ್ನು ಅವನು ತಡೆಯುತ್ತಾನೆ. ಗೃಹಸ್ಥನು ಹೆಸರಿಸಿದವರನ್ನು ಮಾತ್ರ ಒಳಬಿಡುತ್ತಾನೆ. ತೊಂದರೆಯೆಂದರೆ, ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಹೊಸ ವಿಳಾಸಕ್ಕೆ ದ್ವಾರಪಾಲಕನನ್ನೇ ನೇಮಿಸುವುದಿಲ್ಲ. ಇನ್ನು ಕೆಲವು ಅವನಿಗೆ ವಿನಾಯಿತಿ ಹೇಳಿಕೊಡಲು ಅವಕಾಶವನ್ನೇ ಇಡುವುದಿಲ್ಲ.

ತಮ್ಮ ಮನೆಯ ಸ್ಥಿತಿಯನ್ನು ವಾಚಕರು ತಾವೇ ಪರೀಕ್ಷಿಸಿಕೊಳ್ಳಬಹುದು. ದೂರವಾಣಿಯನ್ನು ಮನೆಯ ವೈ-ಫೈಗೆ ಸೇರಿಸಿ, ಅದರ ಸೆಟ್ಟಿಂಗ್ಸ್ ವಿಭಾಗದಲ್ಲಿ ವಿಳಾಸದ ಸಾಲನ್ನು ನೋಡಬೇಕು. 192.168 ಎಂದು ಮೊದಲಾಗುವ ಸಂಖ್ಯೆ ಒಳಬಳಕೆಯದು. ಅದರ ಜೊತೆಗೆ 2ರಿಂದ ಆರಂಭವಾಗಿ ನಡುನಡುವೆ ಜೋಡಿಚುಕ್ಕೆಗಳಿರುವ ಉದ್ದನೆಯ ಸಾಲೊಂದಿದ್ದರೆ ಮನೆಗೆ ಹೊಸ ವಿಳಾಸ ಬಂದಿದೆ. ಎಫ್ ಇ 80 ಎಂದು ಮೊದಲಾಗುವ ಸಾಲನ್ನು ಕಂಡು ಮೋಸ ಹೋಗಬಾರದು. ಅದು ಮನೆಯೊಳಗೆ ಮಾತ್ರ ಸಲ್ಲುತ್ತದೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸವು 100.64ರಿಂದ 100.127ರ ನಡುವೆ ಇದ್ದರೆ ಕಚೇರಿಯಲ್ಲಿ ಎರಡನೆಯ ಗುಮಾಸ್ತ ಕುಳಿತಿದ್ದಾನೆಂದೇ ಅರ್ಥ. ಹಲವು ಸೇವಾ ಸಂಸ್ಥೆಗಳು ಬೇರೆ ಶುಲ್ಕ ಪಡೆದು ಸ್ಥಿರವಾದ ಹಳೆಯ ವಿಳಾಸವೊಂದನ್ನು ಕೊಡುತ್ತವೆ. ಆ ಹಣ ತೆರುವ ಮುನ್ನ ಹೊಸ ವಿಳಾಸವನ್ನು ತೆರೆದುಕೊಡುವಿರಾ, ಎಷ್ಟು ಜಾಲಗಳ ಕಂತೆ ಕೊಡುವಿರಿ ಎಂದು ಲಿಖಿತವಾಗಿ ಕೇಳುವುದು ಲೇಸು. ಲಿಖಿತ ಪ್ರಶ್ನೆ ಒಂದು ಕಡತವನ್ನು ಹುಟ್ಟಿಸುತ್ತದೆ.

ಪಟ್ಟಂನ ಆ ವೃದ್ಧ ದಂಪತಿಗಳ ಮನೆಯಲ್ಲಿ ಪೆಟ್ಟಿಗೆ ಬದಲಾಗುವವರೆಗೆ ಮಗನು ಕ್ಯಾಮರಾ ಒಂದನ್ನೇ ನಂಬಿರಬಾರದು. ರಾತ್ರಿ ಬಿದ್ದವರಿಗೆ ಕೈಗೆಟುಕುವಂತೆ ಮಂಚದ ಪಕ್ಕದಲ್ಲಿ ಮೊಬೈಲ್, ಅದರಲ್ಲಿ ಒಂದೇ ಗುಂಡಿಗೆ ನೆರೆಮನೆಯವರ ಸಂಖ್ಯೆ, ಸ್ನಾನದ ಮನೆಯವರೆಗೆ ಸಣ್ಣ ದೀಪ, ಇಷ್ಟು ಮೊದಲು ಆಗಬೇಕು. ಹೊಸ ಪೆಟ್ಟಿಗೆ ಬಂದ ದಿನ ಅದರ ಗುಪ್ತಪದವನ್ನೂ ಕ್ಯಾಮರಾದ ಗುಪ್ತಪದವನ್ನೂ ಬದಲಿಸಿ, ಹೊಸ ವಿಳಾಸದ ದ್ವಾರಪಾಲಕನು ಎಚ್ಚರವಾಗಿದ್ದಾನೆಯೇ ಎಂದು ತಂತ್ರಜ್ಞನು ಮನೆಯಲ್ಲಿರುವಾಗಲೇ ತೋರಿಸಿಕೊಳ್ಳಬೇಕು. ಮೇಲಂತಸ್ತಿನ ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಗೆ ಬದಲಿಸಿದರೆ ಅದು ಗುಮಾಸ್ತನ ಕೆಲಸವನ್ನು ಬಿಟ್ಟು ಸಂಕೇತ ಹಂಚುವ ಕೆಲಸವನ್ನಷ್ಟೇ ಮಾಡುತ್ತದೆ, ಹೊಸ ವಿಳಾಸವೂ ಮಹಡಿ ಹತ್ತುತ್ತದೆ. ಮರುಸಂಪರ್ಕವಾದಾಗ ಮನೆಯ ಕಂತೆ ಬದಲಾಗುವ ಸಂಭವವಿರುವುದರಿಂದ, ಬೆಂಗಳೂರಿನ ಮಗನು ವಿಳಾಸವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಸಾಲದು. ಬದಲಾದ ವಿಳಾಸವನ್ನು ಒಂದು ಹೆಸರಿಗೆ ತಾನಾಗಿಯೇ ಜೋಡಿಸುವ ಡೈನಾಮಿಕ್ ಡಿ.ಎನ್.ಎಸ್. ಎಂಬ ಸೌಲಭ್ಯವು ಪೆಟ್ಟಿಗೆಯಲ್ಲಿ ಇದೆಯೇ, ಅದು ಹೊಸ ಆವೃತ್ತಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಬೇಕು.